ಧ್ವನಿ ನಿಂತರೆ ಎಷ್ಟು ಸೆಕೆಂಡು? ವೇದಿಕೆಯ ಧ್ವನಿ ಸಾಧನಗಳೂ ಅವುಗಳ ಬದಲಿ ವ್ಯವಸ್ಥೆಯೂ

1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ‘ಲೈವ್ ಏಡ್’ ಎಂಬ ದೊಡ್ಡ ಸಂಗೀತ ಕಾರ್ಯಕ್ರಮ ನಡೆಯಿತು. ದಿನವಿಡೀ ಒಂದಾದ ಮೇಲೊಂದು ತಂಡ ಬಂದು ಹೋಗಿತ್ತು. ಕೊನೆಯ ಹೊತ್ತಿಗೆ ಗಾಯಕ ಪಾಲ್ ಮೆಕಾರ್ಟ್ನಿ ಪಿಯಾನೊ ಮುಂದೆ ಕುಳಿತು ಹಾಡತೊಡಗಿದರು. ಪಿಯಾನೊ ಕೇಳಿಸುತ್ತಿತ್ತು, ಹಾಡು ಕೇಳಿಸುತ್ತಿರಲಿಲ್ಲ. ಸುಮಾರು ಎರಡು ನಿಮಿಷ ಅವರ ಮೈಕ್ ಸತ್ತೇ ಇತ್ತು. ಕಾರ್ಯಕ್ರಮ ಹಲವು ದೇಶಗಳಿಗೆ ನೇರ ಪ್ರಸಾರವಾಗುತ್ತಿತ್ತು. ಎಲ್ಲರಿಗೂ ಗೊತ್ತಿದ್ದ ಹಾಡಾದ್ದರಿಂದ ನೆರೆದಿದ್ದ ಜನ ತಾವೇ ದನಿಗೂಡಿಸಿದರು.

ಈ ಪ್ರಸಂಗ ಕೇಳಿದವರೆಲ್ಲ ಮೊದಲು ವಿಚಾರಿಸುವುದು ‘ಏನು ಕೆಟ್ಟಿತ್ತು?’ ಎಂದು. ಇವತ್ತಿನ ಮಾತಿಗೆ ನನಗೆ ಬೇಕಾದ ಪ್ರಶ್ನೆ ಬೇರೆ: ಎರಡು ನಿಮಿಷ ಏಕೆ ಹಿಡಿಯಿತು? ಮೈಕ್ ಕೆಡುತ್ತದೆ, ಕೇಬಲ್ ಕೆಡುತ್ತದೆ, ಅವಸರದಲ್ಲಿ ಯಾರೋ ಬೇರೆಯದರ ಪ್ಲಗ್ ಕಿತ್ತುಬಿಡುತ್ತಾರೆ. ಇದನ್ನು ಪೂರ್ತಿ ತಪ್ಪಿಸಿದವರು ಯಾರೂ ಇಲ್ಲ. ಆದರೆ ಧ್ವನಿ ನಿಂತ ಕ್ಷಣಕ್ಕೂ ಮರಳಿದ ಕ್ಷಣಕ್ಕೂ ನಡುವಿನ ಅವಧಿ ಬಹುಪಾಲು ನಮ್ಮ ಕೈಯಲ್ಲಿದೆ. ಆದ್ದರಿಂದ ಬದಲಿ ವ್ಯವಸ್ಥೆಯನ್ನು ನಾನು ಸೆಕೆಂಡುಗಳಲ್ಲಿ ಅಳೆಯುತ್ತೇನೆ. ‘ನಮ್ಮ ಹತ್ತಿರ ಇನ್ನೊಂದು ಮೈಕ್ ಇದೆ’ ಎಂದು ಯಾರಾದರೂ ಹೇಳಿದರೆ ನನಗೆ ಸಮಾಧಾನವಾಗುವುದಿಲ್ಲ. ಎಲ್ಲಿದೆ? ಪೆಟ್ಟಿಗೆಯಲ್ಲೇ? ಪೆಟ್ಟಿಗೆ ವಾಹನದಲ್ಲೇ? ವಾಹನದ ಕೀಲಿಕೈ ಯಾರ ಜೇಬಿನಲ್ಲಿದೆ?

ಗಾಯಕಿಯ ಬಾಯಿಯಿಂದ ಕೊನೆಯ ಸಾಲಿನ ಕೇಳುಗರ ಕಿವಿಯವರೆಗೆ ಎಷ್ಟು ಕೊಂಡಿಗಳಿವೆ ಎಂದು ಎಣಿಸಿ ನೋಡಿ. ಮೈಕ್, ಅದರ ಕೇಬಲ್, ಮೈಕ್ ಕೇಬಲ್‌ಗಳೆಲ್ಲ ಬಂದು ಸೇರುವ ವೇದಿಕೆಯ ಮೇಲಿನ ಸ್ಟೇಜ್ ಬಾಕ್ಸ್, ಅಲ್ಲಿಂದ ಮಿಕ್ಸರ್‌ವರೆಗೆ ಬರುವ ಉದ್ದದ ಕೇಬಲ್, ಎಲ್ಲ ಧ್ವನಿಗಳನ್ನೂ ಬೆರೆಸುವ ಮಿಕ್ಸರ್, ಅದರಿಂದ ಹೊರಡುವ ಕೇಬಲ್, ಧ್ವನಿಯನ್ನು ಸ್ಪೀಕರ್‌ಗೆ ತಕ್ಕಂತೆ ತಿದ್ದುವ ಪ್ರೊಸೆಸರ್, ಆಂಪ್ಲಿಫೈಯರ್, ಸ್ಪೀಕರ್ ಕೇಬಲ್, ಸ್ಪೀಕರ್. ಹತ್ತಾಯಿತು, ವಿದ್ಯುತ್ತನ್ನು ಇನ್ನೂ ಎಣಿಸಿಲ್ಲ. ಲೆಕ್ಕದ ಅನುಕೂಲಕ್ಕಾಗಿ ಪ್ರತಿಯೊಂದೂ ನೂರು ಕಾರ್ಯಕ್ರಮಗಳಲ್ಲಿ ತೊಂಬತ್ತೊಂಬತ್ತರಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳೋಣ. 0.99 ಅನ್ನು ಹತ್ತು ಸಲ ಗುಣಿಸಿದರೆ 0.904. ಅಂದರೆ ಹೆಚ್ಚುಕಡಿಮೆ ಹತ್ತು ಕಾರ್ಯಕ್ರಮಗಳಿಗೆ ಒಂದರಲ್ಲಿ ಎಲ್ಲೋ ಒಂದು ಕೊಂಡಿ ಕಳಚುತ್ತದೆ. ಇಪ್ಪತ್ತು ಕೊಂಡಿಗಳಾದರೆ 0.818, ಐದಾರು ಕಾರ್ಯಕ್ರಮಗಳಿಗೆ ಒಂದು. ಒಳ್ಳೆಯ ಮಿಕ್ಸರ್ ಇದಕ್ಕಿಂತ ಎಷ್ಟೋ ಹೆಚ್ಚು ನಂಬಿಕಸ್ತ, ಹಳೆಯ ಕೇಬಲ್ ಎಷ್ಟೋ ಕಡಿಮೆ. ಅಂಕಿಯನ್ನು ಬಿಟ್ಟರೂ ತತ್ತ್ವ ಉಳಿಯುತ್ತದೆ: ಸರಪಳಿ ಉದ್ದವಾದಷ್ಟೂ ಭರವಸೆ ಇಳಿಯುತ್ತದೆ. ಬದಲಿಗಾಗಿ ಸಾಧನಗಳನ್ನು ಸೇರಿಸುತ್ತಾ ಹೋಗುವವರು ಒಮ್ಮೊಮ್ಮೆ ಈ ಸರಪಳಿಯನ್ನೇ ಉದ್ದ ಮಾಡಿರುತ್ತಾರೆ.

ಅದೇ ಎರಡು ಸಾಧನಗಳು ಒಂದಕ್ಕೊಂದು ಬದಲಿಯಾಗಿ ನಿಂತರೆ ಲೆಕ್ಕ ತಿರುಗುತ್ತದೆ. ನೂರಕ್ಕೊಮ್ಮೆ ಕೆಡುವ ಎರಡು ಸಾಧನಗಳು ಒಂದೇ ರಾತ್ರಿ ಕೆಡುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು. ಇದು ಕಾಗದದ ಮೇಲಿನ ಮಾತು. ವೇದಿಕೆಯ ಮೇಲೆ ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದರೆ, ಆ ಬೋರ್ಡಿನ ಸ್ವಿಚ್ಚನ್ನು ಯಾರದೋ ಪಾದ ಒತ್ತಿದರೆ, ಹತ್ತು ಸಾವಿರದ ಲೆಕ್ಕ ಅಲ್ಲಿಗೇ ಮುಗಿಯಿತು. ಬದಲಿ ಸಾಧನ ಖರೀದಿಸುವ ಮೊದಲು ಕೇಳಬೇಕಾದ ಪ್ರಶ್ನೆ: ಮೂಲ ಸಾಧನವನ್ನು ಕೊಲ್ಲುವ ಕಾರಣ ಇದನ್ನೂ ಕೊಲ್ಲುತ್ತದೆಯೇ? ಒಂದೇ ವಿದ್ಯುತ್ತು, ಒಂದೇ ದಾರಿಯಲ್ಲಿ ಹಾಯ್ದ ಕೇಬಲ್, ಒಂದೇ ತಂತ್ರಾಂಶದ ಆವೃತ್ತಿ, ಒಂದೇ ಬ್ಯಾಟರಿ ಪೊಟ್ಟಣ. ಇವನ್ನು ಬೇರ್ಪಡಿಸದೆ ಜೋಡಿ ಇಟ್ಟುಕೊಂಡರೆ ಸಾಗಿಸುವ ಭಾರ ಎರಡರಷ್ಟಾಗುತ್ತದೆ, ಭದ್ರತೆ ಇದ್ದಷ್ಟೇ ಇರುತ್ತದೆ.

ಇನ್ನು ಸೆಕೆಂಡುಗಳಿಗೆ ಬರೋಣ. ಡ್ರಮ್‌ಗಳ ಮೇಲೆ ಎಂಟು ಮೈಕ್‌ಗಳಿದ್ದು ಅದರಲ್ಲಿ ಒಂದು ಸತ್ತರೆ ಕೇಳುಗರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಪಕ್ಕದ ಮೈಕ್ ಅದರ ಶಬ್ದವನ್ನು ಹೇಗೂ ಹಿಡಿದಿರುತ್ತದೆ. ಹಾಡು ಮುಗಿದ ಮೇಲೆ ಬದಲಾಯಿಸಿದರೆ ಸಾಕು. ಮುಖ್ಯ ಗಾಯಕಿಯ ಮೈಕ್ ಸತ್ತರೆ ಐದು ಸೆಕೆಂಡು ದೊಡ್ಡದು. ಮಿಕ್ಸರ್ ಸತ್ತರೆ ಎಲ್ಲವೂ ಸತ್ತಂತೆ. ಹೀಗೆ ಪ್ರತಿ ಕೊಂಡಿಯ ಮುಂದೆ ಎರಡು ಅಂಕಿ ಬರೆಯಿರಿ: ಎಷ್ಟು ಸೆಕೆಂಡಿನ ಮೌನವನ್ನು ನೀವು ತಾಳಿಕೊಳ್ಳಬಲ್ಲಿರಿ, ಈಗಿನ ವ್ಯವಸ್ಥೆಯಲ್ಲಿ ನಿಜಕ್ಕೂ ಎಷ್ಟು ಹಿಡಿಯುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಎಲ್ಲಿ ದೊಡ್ಡದಿದೆಯೋ ಅಲ್ಲಿಗೆ ಮಾತ್ರ ಹಣ, ಸಮಯ, ಬುದ್ಧಿ ಖರ್ಚು ಮಾಡಿ. ಎಲ್ಲದಕ್ಕೂ ಬದಲಿ ಇಡುತ್ತೇನೆಂದು ಹೊರಡುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಅವರ ವೇದಿಕೆಯ ಹಿಂಭಾಗದಲ್ಲಿ ಪೆಟ್ಟಿಗೆಗಳು ಎಷ್ಟಿರುತ್ತವೆ ಎಂದರೆ ಬೇಕಾದದ್ದು ಬೇಕಾದಾಗ ಸಿಗುವುದಿಲ್ಲ.

ಮೊದಲು ಕೇಬಲ್. ಇದು ಬಡಪಾಯಿ ವಸ್ತು; ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಆದರೆ ವೇದಿಕೆಯ ಮೇಲೆ ಕೆಡುವ ವಸ್ತುಗಳಲ್ಲಿ ಇದೇ ಮುಂದು. ಮೈಕ್‌ಗೆ ಬಳಸುವ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಮೂರು ಪಿನ್‌ಗಳಿವೆ. ಒಂದನೆಯದು ಹೊದಿಕೆಯ ತಂತಿಗೆ, ಎರಡು ಮತ್ತು ಮೂರು ಧ್ವನಿಯ ಸಂಕೇತಕ್ಕೆ. ಎರಡು ಮತ್ತು ಮೂರರಲ್ಲಿ ಸಂಕೇತ ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಒಂದೇ ರೀತಿ ಇರುತ್ತದೆ. ಮಿಕ್ಸರ್ ಎರಡರ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುವುದರಿಂದ ಗದ್ದಲ ಕಳೆದುಹೋಗುತ್ತದೆ. ಈಗ ಈ ಮೂರರಲ್ಲಿ ಒಂದೊಂದು ತುಂಡಾದರೆ ಏನಾಗುತ್ತದೆ ನೋಡಿ. ಎರಡು ಅಥವಾ ಮೂರನೆಯದು ತುಂಡಾದರೆ ಧ್ವನಿ ಪೂರ್ತಿ ಹೋಗಲೇಬೇಕೆಂದಿಲ್ಲ. ತೆಳ್ಳಗಾಗಿ, ಕೆಳಸ್ವರಗಳ ತೂಕವೆಲ್ಲ ಸೋರಿ, ಜೊತೆಗೆ ಗುಂಯ್‌ಗುಡುವಿಕೆ ಸೇರಿ ಬರಬಹುದು. ಒಂದನೆಯದು ತುಂಡಾದರೆ ಇನ್ನೂ ಮೋಜು. ಹೊರಗಿನ ವಿದ್ಯುತ್ತು ಬೇಡದ ಡೈನಮಿಕ್ ಮೈಕ್ ಹಾಕಿದರೆ ಕೇಬಲ್ ಸರಿಯಿದ್ದಂತೆ ಕಾಣುತ್ತದೆ. ಹೊರಗಿನ ವಿದ್ಯುತ್ತು ಬೇಕಾದ ಕಂಡೆನ್ಸರ್ ಮೈಕ್ ಹಾಕಿದರೆ ಸತ್ತಂತೆ. ಕಂಡೆನ್ಸರ್ ಮೈಕ್‌ಗೆ ಮಿಕ್ಸರ್ ಇದೇ ಕೇಬಲ್ಲಿನಲ್ಲಿ ಕಳಿಸುವ 48 ವೋಲ್ಟ್‌ನ ‘ಫ್ಯಾಂಟಮ್’ ವಿದ್ಯುತ್ತು ಮರಳುವ ದಾರಿಯೇ ಒಂದನೆಯ ಪಿನ್. ಆಗ ಮೈಕ್ ಕೆಟ್ಟಿದೆ ಎಂದು ಮೈಕ್ ಬದಲಾಯಿಸುತ್ತಾರೆ, ಇನ್ನೊಂದು ಕಂಡೆನ್ಸರೂ ಕೆಲಸ ಮಾಡುವುದಿಲ್ಲ, ಮಿಕ್ಸರ್‌ನ ಚಾನೆಲ್ ಮೇಲೆ ಅನುಮಾನ ಬರುತ್ತದೆ. ಅಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಎಲ್ಲ ಸರಿಯಿದೆ ಎಂದು ತೋರಿಸಿಕೊಂಡು ಕೂತಿರುವುದು ಕೇಬಲ್.

ಕೇಬಲ್ ತುಂಡಾಗುವುದು ಸಾಮಾನ್ಯವಾಗಿ ನಡುವೆ ಅಲ್ಲ, ತುದಿಯಲ್ಲಿ. ಕನೆಕ್ಟರ್‌ನ ಬಾಯಿಯಿಂದ ಒಂದೆರಡು ಅಂಗುಲದೊಳಗೆ ತಂತಿ ಬಾಗಿ ಬಾಗಿ ಎಳೆಗಳು ಮುರಿಯುತ್ತವೆ, ಇಲ್ಲವೇ ಒಳಗಿನ ಬೆಸುಗೆ ಬಿಡುತ್ತದೆ. ಆದ್ದರಿಂದ ಕೇಬಲ್ ಟೆಸ್ಟರ್‌ಗೆ ಸಿಕ್ಕಿಸಿ ಹಸಿರು ದೀಪ ಬಂದೊಡನೆ ತೆಗೆದಿಡಬೇಡಿ. ಎರಡೂ ತುದಿಗಳನ್ನು ನಾಲ್ಕು ದಿಕ್ಕಿಗೂ ಅಲುಗಾಡಿಸಿ, ದೀಪ ಮಿನುಗುತ್ತದೆಯೇ ನೋಡಿ. ಮಿನುಗಿದರೆ ಅದು ಕೆಟ್ಟ ಕೇಬಲ್, ಚರ್ಚೆಯೇ ಇಲ್ಲ. ಪೂರ್ತಿ ಸತ್ತ ಕೇಬಲ್ ಪ್ರಾಮಾಣಿಕ. ಆಗಾಗ ಸಾಯುವ ಕೇಬಲ್ ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್ ಚೆಕ್‌ನಲ್ಲಿ ಬದುಕಿದ್ದು ಕಾರ್ಯಕ್ರಮದಲ್ಲಿ ಸಾಯುತ್ತದೆ.

ಕೇಬಲ್ ಸುತ್ತುವ ವಿಧಾನವೂ ಇದಕ್ಕೆ ಸೇರಿದ್ದು. ಅಂಗೈಗೂ ಮೊಣಕೈಗೂ ಬಿಗಿಯಾಗಿ ಸುತ್ತಿದರೆ ಪ್ರತಿ ಸುತ್ತಿಗೂ ಒಂದು ತಿರುಚು ಒಳಗೆ ಉಳಿಯುತ್ತದೆ. ಒಂದು ಸುತ್ತು ಮೇಲಿನಿಂದ, ಮುಂದಿನದು ಕೈ ತಿರುಗಿಸಿ ಕೆಳಗಿನಿಂದ ಹಾಕಿದರೆ ತಿರುಚುಗಳು ಪರಸ್ಪರ ಕಳೆದುಹೋಗುತ್ತವೆ. ತುದಿ ಹಿಡಿದು ಎಸೆದರೆ ಗಂಟಿಲ್ಲದೆ ಬಿಚ್ಚಿಕೊಳ್ಳುತ್ತದೆ. ಕಲಿಯಲು ಒಂದು ಸಂಜೆ ಸಾಕು. ಹೊಸಬರಿಗೆ ಮಿಕ್ಸರ್ ಮುಟ್ಟಲು ಬಿಡುವ ಮೊದಲು ನಾನು ಕಲಿಸುವುದು ಇದನ್ನೇ. ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಇನ್ನೊಂದು ಎಚ್ಚರಿಕೆ. ಗಿಟಾರ್‌ನ ಕೇಬಲ್ಲೂ ಹಳೆಯ ಮಾದರಿಯ ಸ್ಪೀಕರ್ ಕೇಬಲ್ಲೂ ಒಂದೇ 6.35 ಮಿಲಿಮೀಟರ್ ಪ್ಲಗ್ ಹೊಂದಿರುತ್ತವೆ. ನೋಡಲು ಒಂದೇ, ಒಳಗೆ ಬೇರೆ. ಗಿಟಾರ್ ಕೇಬಲ್‌ನ ತಂತಿ ತೆಳು. ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹರಿಯುವ ಪ್ರವಾಹವನ್ನು ಅದು ತಾಳದು, ಬಿಸಿಯಾಗುತ್ತದೆ. ವಾಲ್ವ್ ಆಂಪ್ಲಿಫೈಯರ್ ಆಗಿದ್ದು, ನಡುವೆ ಆ ಕೇಬಲ್ ಕಡಿದರೆ, ಹೊರೆಯಾಗಿ ಸ್ಪೀಕರ್ ಇಲ್ಲದೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಕತ್ತಲಲ್ಲಿ, ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಕೇಬಲ್ ಸಿಕ್ಕಿಸುವವರೇ ಹೆಚ್ಚು. ಆದ್ದರಿಂದ ಬದಲಿ ಕೇಬಲ್‌ಗಳಿಗೆ ಎರಡೂ ತುದಿಗಳಲ್ಲಿ ಬಣ್ಣದ ಪಟ್ಟಿ ಇರಲಿ. ಕೆಟ್ಟದ್ದಕ್ಕೆ ಅಲ್ಲೇ ಕೆಂಪು ಟೇಪ್ ಸುತ್ತಿ ಬೇರೆ ಚೀಲಕ್ಕೆ ಹಾಕಿ. ‘ಮನೆಗೆ ಹೋಗಿ ನೋಡೋಣ’ ಎಂದು ಅದೇ ಪೆಟ್ಟಿಗೆಗೆ ಮರಳಿಸಿದರೆ ಇರುಳು ಕಂಡ ಬಾವಿಗೆ ಹಗಲು ಬಿದ್ದ ಹಾಗೆ, ಮುಂದಿನ ವಾರ ಅದೇ ಕೇಬಲ್ ಅದೇ ಗಾಯಕಿಯ ಕೈಗೆ ಬರುತ್ತದೆ.

ಸಾಧನ ಕೆಡುವುದೆಂದರೆ ಒಳಗಿನ ಎಲೆಕ್ಟ್ರಾನಿಕ್ಸ್ ಕೆಡುವುದು ಎಂದು ನಾವು ಭಾವಿಸುತ್ತೇವೆ. 2016ರ ಫೆಬ್ರುವರಿಯ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಗಾಯಕಿ ಅಡೆಲ್ ಹಾಡುತ್ತಿದ್ದಾಗ ಗಿಟಾರ್ ಮೀಟಿದಂಥ ಒಂದು ಅಪಸ್ವರ ಜೊತೆಗೆ ಕೇಳತೊಡಗಿತು. ಪಿಯಾನೊ ಒಳಗೆ ಇಟ್ಟಿದ್ದ ಮೈಕ್‌ಗಳು ತಂತಿಗಳ ಮೇಲೆ ಬಿದ್ದಿದ್ದವು ಎಂದು ಅವರೇ ನಂತರ ತಿಳಿಸಿದರು. ಮೈಕ್ ಸರಿಯಿತ್ತು, ಕೇಬಲ್ ಸರಿಯಿತ್ತು, ಮಿಕ್ಸರ್ ಸರಿಯಿತ್ತು. ಮೈಕ್‌ಗಳು ತಮ್ಮ ಜಾಗದಲ್ಲಿ ನಿಂತಿರಲಿಲ್ಲ, ಅಷ್ಟೇ. ಸ್ಟ್ಯಾಂಡಿನ ತಿರುಪು, ಮೈಕ್ ಕ್ಲಿಪ್, ಅಂಟುಪಟ್ಟಿ ಇವೂ ಧ್ವನಿ ಸಾಧನಗಳೇ. ಬದಲಿ ಪೆಟ್ಟಿಗೆಯಲ್ಲಿ ಎರಡು ಮೈಕ್ ಇಟ್ಟು ಒಂದೂ ಕ್ಲಿಪ್ ಇಡದವರನ್ನು ನಾನು ಬಹಳ ನೋಡಿದ್ದೇನೆ. ಮೈಕನ್ನು ಸ್ಟ್ಯಾಂಡಿಗೆ ಟೇಪಿನಿಂದ ಸುತ್ತಿ ನಿಲ್ಲಿಸಿದ ದೃಶ್ಯ ಅದರ ಫಲ.

ಕಾರ್ಡ್‌ಲೆಸ್ ಮೈಕ್ ವಿಚಾರ ಬೇಗ ಮುಗಿಸುತ್ತೇನೆ; ಅದರ ಬಗ್ಗೆಯೇ ಒಂದು ಸಂಜೆ ಮಾತಾಡಬಹುದು. ಮೂರು ಸಂಗತಿ ಸಾಕು. ಮೊದಲನೆಯದು, ಖಾಲಿ ಸಭಾಂಗಣದ ಸೌಂಡ್ ಚೆಕ್‌ನಲ್ಲಿ ಸಿಕ್ಕ ಸಂಕೇತವನ್ನು ನಂಬಬೇಡಿ. ಮನುಷ್ಯ ದೇಹ ಬಹುಪಾಲು ನೀರು. ಅದು ರೇಡಿಯೊ ಅಲೆಗಳನ್ನು ಹೀರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಮೈಕ್‌ಗಳಿಗೆ ಇದರ ಜೊತೆ ಇನ್ನೊಂದು ಪಾಡು: ಸಭಿಕರ ಜೇಬಿನಲ್ಲಿರುವ ಮೊಬೈಲ್‌ಗಳ ವೈಫೈ, ಬ್ಲೂಟೂತ್ ಎಲ್ಲವೂ ಅದೇ ಕಂಪನಾಂಕದ ಪಟ್ಟಿಯಲ್ಲಿವೆ. ಎರಡನೆಯದು ಬ್ಯಾಟರಿ. ಬಿಸಾಡುವ ಆಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ಮೆಲ್ಲಗೆ ಇಳಿಯುತ್ತದೆ. ಮತ್ತೆ ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್ ಆಸುಪಾಸಿನಲ್ಲೇ ಬಹಳ ಹೊತ್ತು ನಿಂತು ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಮೈಕ್‌ನ ಸೆಟ್ಟಿಂಗ್‌ನಲ್ಲಿ ಯಾವ ಸೆಲ್ ಎಂದು ಹೇಳದಿದ್ದರೆ ಪರದೆಯ ಮೇಲಿನ ಬ್ಯಾಟರಿ ಚಿತ್ರ ಸುಳ್ಳು ಹೇಳುತ್ತದೆ. ಚಿತ್ರ ನೋಡಿ ಬದಲಾಯಿಸುವ ಬದಲು ಗಡಿಯಾರ ನೋಡಿ ಬದಲಾಯಿಸಿ. ಮಧ್ಯಂತರ ಬಂತೆಂದರೆ ಹೊಸ ಸೆಲ್.

ಮೂರನೆಯದು, ಬದಲಿ ಕಾರ್ಡ್‌ಲೆಸ್ ಮೈಕನ್ನು ಮೂಲ ಮೈಕ್‌ನ ಕಂಪನಾಂಕದಲ್ಲೇ ಇಟ್ಟು ಎರಡನ್ನೂ ಒಮ್ಮೆಗೆ ಚಾಲೂ ಮಾಡಿದರೆ ಎರಡೂ ಕಚ್ಚಾಡಿ ಗೊರಗೊರ ಶಬ್ದ ಬರುತ್ತದೆ. ಬದಲಿ ಮೈಕಿಗೆ, ಅದು ಕಳಿಸುವ ಅಲೆಯನ್ನು ಹಿಡಿಯಲು ಅದರದೇ ರಿಸೀವರ್, ಅದರದೇ ಕಂಪನಾಂಕ ಇರಲಿ. ಕಂಪನಾಂಕಗಳ ಹೊಂದಾಣಿಕೆಯ ಲೆಕ್ಕ ಮಾಡುವಾಗ ಅದನ್ನೂ ಸೇರಿಸಿಯೇ ಮಾಡಿ. ಎಲ್ಲ ರಿಸೀವರ್‌ಗಳೂ ಒಂದೇ ಆಂಟೆನಾ ವಿತರಕಕ್ಕೆ ಕೂತಿದ್ದರೆ, ಆ ವಿತರಕದ ಅಡಾಪ್ಟರ್ ಸತ್ತ ದಿನ ಬದಲಿಯೂ ಅದರೊಂದಿಗೇ ಹೋಗುತ್ತದೆ. ಅದಕ್ಕಾಗಿಯೇ ನಾನು ವೇದಿಕೆಯ ಪಕ್ಕದಲ್ಲಿ ಒಂದು ಸಾದಾ ತಂತಿಯ ಡೈನಮಿಕ್ ಮೈಕ್ ನಿಲ್ಲಿಸುತ್ತೇನೆ. ಸ್ಟ್ಯಾಂಡಿನಲ್ಲಿ, ಕೇಬಲ್ ಸಿಕ್ಕಿಸಿ, ಗಾಯಕಿಯ ಧ್ವನಿಗೆ ತಕ್ಕ ಮಟ್ಟ (ಗೇನ್) ಹೊಂದಿಸಿ, ಮಿಕ್ಸರ್‌ನಲ್ಲಿ ಮ್ಯೂಟ್ ಮಾಡಿ. ಅದಕ್ಕೆ ಬ್ಯಾಟರಿ ಬೇಡ, ಫ್ಯಾಂಟಮ್ ಬೇಡ, ಆಂಟೆನಾ ಬೇಡ. ಎರಡು ಹೆಜ್ಜೆ ನಡೆದು ಎತ್ತಿಕೊಂಡರೆ ಹಾಡು ಮುಂದುವರಿಯುತ್ತದೆ. ಈ ತರಹದ ಮೈಕ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವ ಶ್ಯೂರ್ ಎಸ್‌ಎಂ58 ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಇವತ್ತಿಗೂ ಅದನ್ನು ವೇದಿಕೆಯಿಂದ ಇಳಿಸಲು ಯಾರಿಗೂ ಮನಸ್ಸಾಗಿಲ್ಲ.

ಮಿಕ್ಸರ್ ಬಗ್ಗೆ. ಡಿಜಿಟಲ್ ಮಿಕ್ಸರ್‌ನ ಪರದೆ ಹೆಪ್ಪುಗಟ್ಟಿದರೆ ಮೊದಲು ಮಾಡಬೇಕಾದದ್ದು ಏನೂ ಮಾಡದಿರುವುದು. ಹಲವು ಮಿಕ್ಸರ್‌ಗಳಲ್ಲಿ ಪರದೆಯನ್ನು ನಡೆಸುವ ಭಾಗ ಬೇರೆ, ಧ್ವನಿಯನ್ನು ನಡೆಸುವ ಭಾಗ ಬೇರೆ. ಪರದೆ ಸತ್ತರೂ ಧ್ವನಿ ಹರಿಯುತ್ತಿರಬಹುದು. ಗಾಬರಿಯಿಂದ ಸ್ವಿಚ್ ಆರಿಸಿದರೆ ಹರಿಯುತ್ತಿದ್ದದ್ದನ್ನೂ ನೀವೇ ನಿಲ್ಲಿಸಿದಂತೆ. ಹಾಡು ಮುಗಿಯಲಿ, ಗಾಯಕಿಗೆ ಸನ್ನೆ ಹೋಗಲಿ, ಅವರು ಸಭಿಕರೊಡನೆ ಒಂದಿಷ್ಟು ಮಾತಾಡಲಿ, ಆಮೇಲೆ ಮರುಚಾಲನೆ. ಆದರೆ ಅವರು ಯಾವ ಮೈಕ್‌ನಲ್ಲಿ ಮಾತಾಡುತ್ತಾರೆ? ಮಿಕ್ಸರ್ ಆರಿದರೆ ಮೈಕೂ ಆರಿತಲ್ಲ! ಈ ಪ್ರಶ್ನೆಗೆ ಉತ್ತರವಿಲ್ಲದ ಬದಲಿ ಯೋಜನೆ ಅಪೂರ್ಣ. ನಿಮ್ಮ ಮಿಕ್ಸರ್ ಚಾಲೂ ಆಗಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ಗಡಿಯಾರ ಹಿಡಿದು ನೋಡಿದವರು ಈ ಸಭೆಯಲ್ಲಿ ಎಷ್ಟು ಜನ? ಕೈ ಎತ್ತಿ. ನಾನು ಊಹಿಸಿದ್ದಕ್ಕಿಂತಲೂ ಕಡಿಮೆ.

ಸಣ್ಣದೊಂದು ಅನಲಾಗ್ ಮಿಕ್ಸರ್ ಪಕ್ಕದಲ್ಲಿಟ್ಟು, ಮುಖ್ಯವಾದ ನಾಲ್ಕೈದು ಮೈಕ್‌ಗಳನ್ನು ಸ್ಪ್ಲಿಟರ್ ಮೂಲಕ ಎರಡೂ ಕಡೆಗೆ ಕೊಡುವುದು ಹಳೆಯ, ಒಳ್ಳೆಯ ಉಪಾಯ. ಇದರಲ್ಲೊಂದು ಬಲೆ ಇದೆ. ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್‌ನಲ್ಲಿ ಒಂದು ಕಡೆಗೆ ಮೈಕಿನಿಂದ ನೇರ ಜೋಡಣೆ, ಇನ್ನೊಂದು ಕಡೆಗೆ ಟ್ರಾನ್ಸ್‌ಫಾರ್ಮರ್ ಮೂಲಕ; ಫ್ಯಾಂಟಮ್ ವಿದ್ಯುತ್ತು ನೇರ ಜೋಡಣೆಯ ಕಡೆಯಿಂದ ಮಾತ್ರ ಮೈಕ್‌ಗೆ ತಲುಪುತ್ತದೆ. ನೇರ ಜೋಡಣೆ ಮುಖ್ಯ ಮಿಕ್ಸರ್‌ಗೆ ಇದ್ದು ಅದು ಸತ್ತರೆ, ಕಂಡೆನ್ಸರ್ ಮೈಕ್‌ಗಳೂ ಸಾಯುತ್ತವೆ. ಬದಲಿ ಮಿಕ್ಸರ್ ಜೀವಂತವಾಗಿ ಕುಳಿತು ಮೌನವನ್ನೇ ಮಿಶ್ರಣ ಮಾಡುತ್ತದೆ. ಆದ್ದರಿಂದ ಬದಲಿ ದಾರಿಗೆ ಬರುವ ಮೈಕ್‌ಗಳು ಡೈನಮಿಕ್ ಆಗಿರಲಿ, ಇಲ್ಲವೇ ಫ್ಯಾಂಟಮ್ ಬದಲಿಯ ಕಡೆಯಿಂದಲೇ ಬರಲಿ.

ಸ್ಟೇಜ್ ಬಾಕ್ಸ್‌ನಿಂದ ಮಿಕ್ಸರ್‌ಗೆ ನೆಟ್‌ವರ್ಕ್ ಕೇಬಲ್ ಬಳಸುವವರು ಎರಡು ಎಳೆದಿರುತ್ತೀರಿ, ಸಂತೋಷ. ಧ್ವನಿಯನ್ನು ನೆಟ್‌ವರ್ಕ್ ಮೇಲೆ ಸಾಗಿಸುವ ಡಾಂಟೆಯಂಥ ವ್ಯವಸ್ಥೆಗಳಲ್ಲಿ ಮೊದಲನೆಯ ಜಾಲ ಕಡಿದರೆ ಎರಡನೆಯದು ಅದೇ ಕ್ಷಣ ಹೊರೆ ಹೊರುತ್ತದೆ. ಕಿವಿಗೆ ಗೊತ್ತೇ ಆಗುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಟೇಪಿನಿಂದ ಕಟ್ಟಿ ಒಂದೇ ಬಾಗಿಲ ಕೆಳಗೆ ಹಾಯಿಸಿದ್ದರೆ, ಆ ಬಾಗಿಲು ಒಂದೇ ಏಟಿಗೆ ಎರಡನ್ನೂ ಜಜ್ಜುತ್ತದೆ. ಒಂದು ಎಡಗೋಡೆಯಲ್ಲಿ, ಇನ್ನೊಂದು ಬಲಗೋಡೆಯಲ್ಲಿ ಹೋಗಲಿ. ತಾಮ್ರದ ನೆಟ್‌ವರ್ಕ್ ಕೇಬಲ್‌ಗೆ 100 ಮೀಟರ್ ಮಿತಿ ಇದೆ. ಸುತ್ತುದಾರಿ ಹಿಡಿಯುವ ಎರಡನೆಯ ಕೇಬಲ್ ಆ ಮಿತಿ ದಾಟದಂತೆ ಮೊದಲೇ ಅಳೆಯಿರಿ. ಮಿಕ್ಸರ್‌ನ ಸೆಟ್ಟಿಂಗ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಬದಲಿ ಮಿಕ್ಸರ್‌ನ ತಂತ್ರಾಂಶ ಹಳೆಯ ಆವೃತ್ತಿಯದಾಗಿದ್ದರೆ ಆ ಕಡತ ತೆರೆದುಕೊಳ್ಳದೇ ಇರಬಹುದು. ಅದನ್ನು ಮನೆಯಲ್ಲೇ ಒಮ್ಮೆ ತೆರೆದು ನೋಡಿ.

ಈಗ ವಿದ್ಯುತ್ತು. 2013ರ ಫೆಬ್ರುವರಿ 3ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯ ನಡೆಯುತ್ತಿತ್ತು. ಮಧ್ಯಂತರದಲ್ಲಿ ಬಿಯಾನ್ಸೆಯ ಸಂಗೀತ ಕಾರ್ಯಕ್ರಮ ಮುಗಿದು ಆಟ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೆ ಕ್ರೀಡಾಂಗಣದ ಅರ್ಧ ಭಾಗ ಕತ್ತಲಾಯಿತು. ಆಟ 34 ನಿಮಿಷ ನಿಂತಿತು. ಸಂಗೀತದವರೇ ವಿದ್ಯುತ್ತನ್ನೆಲ್ಲ ಹೀರಿದರು ಎಂದು ಜನ ಆಡಿಕೊಂಡರು. ವಾಸ್ತವದಲ್ಲಿ ಸಂಗೀತ ಕಾರ್ಯಕ್ರಮ ನಡೆದದ್ದು ಪ್ರತ್ಯೇಕ ಜನರೇಟರ್‌ಗಳ ಮೇಲೆ. ಪೂರೈಕೆ ಕಡಿದದ್ದು, ಕೇಬಲ್‌ನಲ್ಲಿ ದೋಷ ಬಂದರೆ ಕ್ರೀಡಾಂಗಣವನ್ನು ಕಾಪಾಡಲೆಂದೇ ಅಳವಡಿಸಿದ್ದ ರಿಲೇ ಸಾಧನ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ರಕ್ಷಣೆಗೆಂದು ಇಟ್ಟ ಸಾಧನವನ್ನೂ ಕೆಡಬಲ್ಲ ಸಾಧನಗಳ ಪಟ್ಟಿಗೆ ಸೇರಿಸಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಮಟ್ಟದಲ್ಲಿ ಆ ಸಾಧನ ಯುಪಿಎಸ್. ಯಾವುದಕ್ಕೆ ಯುಪಿಎಸ್ ಬೇಕು? ಮಿಕ್ಸರ್, ಸ್ಟೇಜ್ ಬಾಕ್ಸ್, ನೆಟ್‌ವರ್ಕ್ ಸ್ವಿಚ್, ಕಾರ್ಡ್‌ಲೆಸ್ ರಿಸೀವರ್‌ಗಳು, ಹಾಡಿನ ಹಿನ್ನೆಲೆ ನುಡಿಸುವ ಲ್ಯಾಪ್‌ಟಾಪ್‌ಗೆ ಕೂಡಿಸಿದ ಆಡಿಯೊ ಇಂಟರ್‌ಫೇಸ್. ಇವೆಲ್ಲ ಸೇರಿದರೂ ಸಾಮಾನ್ಯವಾಗಿ ಕೆಲವು ನೂರು ವಾಟ್. ದೊಡ್ಡ ಆಂಪ್ಲಿಫೈಯರ್‌ಗಳಿಗೆ ಬೇಡ. ಅವು ಸಣ್ಣ ಯುಪಿಎಸ್ಸನ್ನು ನುಂಗಿಬಿಡುತ್ತವೆ. ವಿದ್ಯುತ್ತು ಹೋದರೆ ಸ್ಪೀಕರ್ ಮೌನವಾಗಲಿ, ಆದರೆ ಮಿಕ್ಸರ್ ಎಚ್ಚರವಾಗಿರಲಿ. ವಿದ್ಯುತ್ತು ಮರಳಿದಾಗ ಆಂಪ್ಲಿಫೈಯರ್ ಚಾಲೂ ಆಗುವಷ್ಟರಲ್ಲಿ ಧ್ವನಿ ಬರುತ್ತದೆ. ಮಿಕ್ಸರೂ ಆರಿದ್ದರೆ ಅದರ ಮರುಚಾಲನೆಯ ಸಮಯವೂ ಸೇರುತ್ತದೆ. ಆಂಪ್ಲಿಫೈಯರ್ ಮೊದಲು ಎದ್ದು, ಮಿಕ್ಸರ್ ಆಮೇಲೆ ಏಳುವಾಗ ಢಬ್ಬೆಂಬ ಸದ್ದು ಸ್ಪೀಕರ್‌ಗೆ ಹೋಗುವ ಅಪಾಯವೂ ಇದೆ.

ಯುಪಿಎಸ್ಸಿನ ಬ್ಯಾಟರಿ ಸಾಮಾನ್ಯವಾಗಿ ಸೀಸ-ಆಮ್ಲದ್ದು. ಮೂರರಿಂದ ಐದು ವರ್ಷ ಅದರ ಆಯುಷ್ಯ, ಬಿಸಿಯಲ್ಲಿ ಇಟ್ಟರೆ ಇನ್ನೂ ಕಡಿಮೆ. ಮುಂಭಾಗದ ಹಸಿರು ದೀಪ ಉರಿಯುತ್ತಿದೆ ಎಂದರೆ ಬ್ಯಾಟರಿ ಚೆನ್ನಾಗಿದೆ ಎಂದಲ್ಲ, ಗೋಡೆಯಿಂದ ವಿದ್ಯುತ್ತು ಬರುತ್ತಿದೆ ಎಂದಷ್ಟೇ. ಪರೀಕ್ಷೆ ಒಂದೇ: ಎಲ್ಲ ಸಾಧನಗಳನ್ನೂ ಸಿಕ್ಕಿಸಿ, ಹಾಡು ನುಡಿಸಿ, ಗೋಡೆಯ ಪ್ಲಗ್ ಕಿತ್ತು, ಎಷ್ಟು ನಿಮಿಷ ನಿಲ್ಲುತ್ತದೆ ಎಂದು ನೋಡುವುದು. ಜನರೇಟರ್ ಇದ್ದರೆ ಅದರ ಮೇಲೂ ನೋಡಿ. ಸಣ್ಣ ಜನರೇಟರ್ ಕೊಡುವ ವಿದ್ಯುತ್ತಿನ ಕಂಪನಾಂಕ ಹೊರೆ ಬಿದ್ದಾಗ ಏರಿಳಿಯುತ್ತದೆ. ಕೆಲವು ಯುಪಿಎಸ್‌ಗಳು ಅದನ್ನು ಒಪ್ಪಲಾರದ ವಿದ್ಯುತ್ತೆಂದು ತಿರಸ್ಕರಿಸಿ ಬ್ಯಾಟರಿಯ ಮೇಲೆಯೇ ಓಡುತ್ತಿರುತ್ತವೆ. ಜನರೇಟರ್ ಜೋರಾಗಿ ಸದ್ದು ಮಾಡುತ್ತಿದೆ, ದೀಪಗಳೆಲ್ಲ ಉರಿಯುತ್ತಿವೆ, ಮಿಕ್ಸರ್ ಮಾತ್ರ ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ. ಏಕೆಂದು ಅಲ್ಲಿ ನಿಂತವರಿಗೆ ತಿಳಿಯುವುದೇ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಸೆಕೆಂಡಿನ ಲೆಕ್ಕ ಬೇಡ. ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು ಬಂತೆಂದು ಪ್ಲಗ್‌ನ ಅರ್ತಿಂಗ್ ಪಿನ್ ಕತ್ತರಿಸುವವರು, ಅದಕ್ಕೆ ಟೇಪ್ ಸುತ್ತುವವರು ಇನ್ನೂ ಇದ್ದಾರೆ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆ, ಸರಿಯಾಗಿ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ಗಿಟಾರ್‌ನ ಲೋಹದ ತಂತಿ ಒಂದು ಕೈಯಲ್ಲಿ, ಮೈಕ್ ಇನ್ನೊಂದು ಕೈಯಲ್ಲಿ ಅಥವಾ ತುಟಿಯಲ್ಲಿ. ನಡುವೆ ಇರುವುದು ಮನುಷ್ಯ. ಆ ಸದ್ದು ತೆಗೆಯಲು, ವಾದ್ಯವನ್ನು ನೇರವಾಗಿ ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್‌ನಲ್ಲಿ ಸಂಕೇತದ ಗ್ರೌಂಡ್ ಕಡಿಯುವ ಸ್ವಿಚ್ ಇದೆ, ಅದನ್ನು ಬಳಸಿ. ಅದಕ್ಕೂ ಹೋಗದಿದ್ದರೆ ಸದ್ದಿನೊಂದಿಗೇ ಹಾಡಿ. ಫ್ಯೂಸ್ ವಿಚಾರವೂ ಹೀಗೆಯೇ. ಅದೇ ಆಂಪಿಯರ್, ಅದೇ ಬಗೆ. ಬೆಳ್ಳಿಕಾಗದ ಸುತ್ತಿ ಕಾರ್ಯಕ್ರಮ ಮುಗಿಸಿದೆವು ಎಂದು ಹೆಮ್ಮೆಪಡುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಹಿನ್ನೆಲೆ ಸಂಗೀತವನ್ನು ಲ್ಯಾಪ್‌ಟಾಪ್‌ನಿಂದ ನುಡಿಸುವ ತಂಡಗಳಿಗೆ ಎರಡು ಮಾತು. ದೊಡ್ಡ ತಂಡಗಳು ಎರಡು ಲ್ಯಾಪ್‌ಟಾಪ್‌ಗಳನ್ನು ಒಟ್ಟಿಗೆ ಓಡಿಸುತ್ತವೆ. ಮೊದಲನೆಯದು ಹಾಡಿನ ಜೊತೆ ಬೇರೊಂದು ಚಾನೆಲ್‌ನಲ್ಲಿ, ಸಭಿಕರಿಗೆ ಕೇಳದ ಒಂದು ಸ್ಥಿರ ಸ್ವರವನ್ನು ಕಳಿಸುತ್ತಿರುತ್ತದೆ. ಅದು ನಿಂತ ಕೂಡಲೇ ಸ್ವಿಚ್ಚರ್ ಎರಡನೆಯದಕ್ಕೆ ಹಾರುತ್ತದೆ. ಚೆಂದದ ಏರ್ಪಾಡು. ಆದರೆ ಎರಡೂ ಲ್ಯಾಪ್‌ಟಾಪ್‌ಗಳು ಅದೇ ಬೆಳಗ್ಗೆ ಅದೇ ಅಪ್‌ಡೇಟ್ ಹಾಕಿಕೊಂಡಿದ್ದರೆ ಎರಡೂ ಒಂದೇ ಕಡೆ ಎಡವುತ್ತವೆ. ಅಪ್‌ಡೇಟ್, ವೈಫೈ, ನಿದ್ರಾಸ್ಥಿತಿ, ಸೂಚನೆಗಳ ಸದ್ದು ಎಲ್ಲವನ್ನೂ ನಿಲ್ಲಿಸಿ. ಯುಎಸ್‌ಬಿ ಪ್ಲಗ್‌ಗೆ ಕಚ್ಚಿ ಹಿಡಿಯುವ ಕೊಕ್ಕೆ ಇಲ್ಲ, ಎಳೆದರೆ ಬರುತ್ತದೆ, ಅದನ್ನು ಕಟ್ಟಿಡಿ. ಸಣ್ಣ ತಂಡಗಳಿಗೆ ಇಷ್ಟೆಲ್ಲ ಬೇಕಿಲ್ಲ. ಹಿನ್ನೆಲೆ ನಿಂತರೆ ಡ್ರಮ್ಮರ್ ತಾಳ ಬಿಡದೆ ನುಡಿಸುತ್ತಾನೆ, ಉಳಿದವರು ಅವನ ಹಿಂದೆ ಹೋಗುತ್ತಾರೆ ಎಂಬ ಒಪ್ಪಂದ ಮೊದಲೇ ಆಗಿದ್ದರೆ ಸಾಕು. ಹಿನ್ನೆಲೆ ಇಲ್ಲದೆ ನಿಲ್ಲಬಲ್ಲ ಹಾಡುಗಳಿಗೆ ಪಟ್ಟಿಯಲ್ಲಿ ಒಂದು ಗುರುತು ಹಾಕಿಕೊಳ್ಳಿ.

ಇಷ್ಟಾದರೂ ಏನೋ ಒಂದು ಕೆಟ್ಟೇ ಕೆಡುತ್ತದೆ. ಆಗ ಹುಡುಕುವುದು ಹೇಗೆ? ಸರಪಳಿಯ ನಡುವೆ ನೋಡಿ. ಮಿಕ್ಸರ್ ಮೇಲೆ ಗಾಯಕಿಯ ಚಾನೆಲ್‌ನ ಧ್ವನಿಮಟ್ಟ ತೋರಿಸುವ ಮೀಟರ್ ಕುಣಿಯುತ್ತಿದೆಯೇ? ಕುಣಿಯುತ್ತಿದ್ದರೆ ಮೈಕ್, ಕೇಬಲ್, ಸ್ಟೇಜ್ ಬಾಕ್ಸ್ ಎಲ್ಲವೂ ಸರಿ. ತೊಂದರೆ ಮೀಟರ್‌ನಿಂದ ಆಚೆಗೆ. ಸತ್ತಿದ್ದರೆ ಈಚೆಗೆ. ಒಂದೇ ನೋಟದಲ್ಲಿ ಹತ್ತು ಕೊಂಡಿಗಳಲ್ಲಿ ಐದು ಖುಲಾಸೆಯಾದವು. ಈಚೆಗಿನದಾದರೆ ಮೈಕೂ ಕೇಬಲ್ಲೂ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಯಾವುದು ಕೆಟ್ಟಿತ್ತು ಎಂಬ ಸಂಶೋಧನೆಯನ್ನು ಕಾರ್ಯಕ್ರಮ ಮುಗಿದ ಮೇಲೆ ಇಟ್ಟುಕೊಳ್ಳಿ. ಸಭಿಕರ ಮುಂದೆ ರೋಗಪತ್ತೆ ಬೇಡ.

ಇದನ್ನೆಲ್ಲ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಆಗುವುದಿಲ್ಲ. ತಾಲೀಮಿನ ನಡುವೆ ಯಾರಿಗೂ ಹೇಳದೆ ಒಂದು ಕೇಬಲ್ ಕೀಳಿ. ಮೊದಲ ಸಲ ಎಲ್ಲರೂ ನಿಲ್ಲಿಸಿ ಸೌಂಡ್ ಎಂಜಿನಿಯರ್‌ನ ಮುಖ ನೋಡುತ್ತಾರೆ. ಮೂರನೆಯ ಸಲಕ್ಕೆ ಗಾಯಕಿ ಬದಲಿ ಮೈಕ್ ಕಡೆಗೆ ನಡೆಯುತ್ತಿರುತ್ತಾಳೆ, ಕೀಬೋರ್ಡ್‌ನವನು ಪಲ್ಲವಿಯನ್ನು ಇನ್ನೊಮ್ಮೆ ತಿರುಗಿಸುತ್ತಿರುತ್ತಾನೆ. ಯಾರು ಯಾರಿಗೆ ಸನ್ನೆ ಮಾಡಬೇಕು ಎಂಬುದೂ ಆಗಲೇ ತೀರ್ಮಾನವಾಗಲಿ. ವೇದಿಕೆಯ ಮೇಲೆ ಒಬ್ಬರು, ಮಿಕ್ಸರ್ ಬಳಿ ಒಬ್ಬರು. ಮೂರನೆಯವರು ಸಲಹೆ ಕೊಡಲು ಓಡಿ ಬಂದರೆ ಅವರಿಗೆ ಟಾರ್ಚ್ ಹಿಡಿಯುವ ಕೆಲಸ ಕೊಡಿ.

ಮಾತು ಮುಗಿದ ಮೇಲೆ ಸಭೆಯಿಂದ ಎರಡು ಪ್ರಶ್ನೆಗಳು ಬಂದವು. ಎಲ್ಲ ಸಾಧನಗಳನ್ನೂ ಹೊಸದಾಗಿ ತಂದುಬಿಟ್ಟರೆ ಈ ತಲೆನೋವು ತಪ್ಪುವುದಿಲ್ಲವೇ ಎಂದು ಒಬ್ಬರು ಕೇಳಿದರು. ಇಲ್ಲ. ಎಲೆಕ್ಟ್ರಾನಿಕ್ ಸಾಧನಗಳು ತೀರಾ ಹೊಸದಾಗಿದ್ದಾಗಲೂ ತೀರಾ ಹಳತಾದಾಗಲೂ ಹೆಚ್ಚು ಕೆಡುತ್ತವೆ. ನಡುವಿನ ವರ್ಷಗಳೇ ಶಾಂತ. ತಯಾರಿಕೆಯಲ್ಲಿ ಉಳಿದ ದೋಷ ಮೊದಲ ದಿನಗಳಲ್ಲೇ ಹೊರಬೀಳುತ್ತದೆ. ಪೆಟ್ಟಿಗೆ ಒಡೆದ ಸಾಧನವನ್ನು ನೇರವಾಗಿ ವೇದಿಕೆಗೆ ಒಯ್ಯಬೇಡಿ. ಕೆಲವು ದಿನ ತಾಲೀಮಿನಲ್ಲಿ ಗಂಟೆಗಟ್ಟಲೆ ಓಡಿಸಿ, ಹಳೆಯದನ್ನು ಆವರೆಗೆ ಮಾರಬೇಡಿ.

ಇನ್ನೊಬ್ಬರು ಕೇಳಿದ್ದು, ಹಣ ಕಡಿಮೆ ಇದ್ದರೆ ಯಾವುದರಿಂದ ಶುರು ಮಾಡಬೇಕು ಎಂದು. ಕೇಬಲ್ ಟೆಸ್ಟರ್ ಮೊದಲು. ಅಗ್ಗದ ಸಾಧನ ಅದು, ಕೆಡುವುದನ್ನು ಮುಂಚೆಯೇ ತೋರಿಸುವುದೂ ಅದೇ. ಆಮೇಲೆ ಉದ್ದದ ಎರಡು ಮೈಕ್ ಕೇಬಲ್, ಒಂದು ಡೈನಮಿಕ್ ಮೈಕ್, ಅದಕ್ಕೊಂದು ಕ್ಲಿಪ್. ನಂತರ ಒಂದು ಡಿಐ ಬಾಕ್ಸ್. ಗಿಟಾರ್‌ನ ಆಂಪ್ಲಿಫೈಯರ್ ಸತ್ತರೆ ಗಿಟಾರನ್ನು ಅದರ ಮೂಲಕ ನೇರವಾಗಿ ಮಿಕ್ಸರ್‌ಗೆ ಕೊಡಬಹುದು, ಧ್ವನಿ ಅಷ್ಟು ಸೊಗಸಾಗಿರದಿದ್ದರೂ ಹಾಡು ನಿಲ್ಲುವುದಿಲ್ಲ. ಯುಪಿಎಸ್ ಆಮೇಲೆ. ಎರಡನೆಯ ಮಿಕ್ಸರ್‌ನ ಯೋಚನೆ ಎಲ್ಲಕ್ಕಿಂತ ಕೊನೆಗೆ. ಟೆಸ್ಟರ್ ಕೈಗೆ ಬಂದ ದಿನವೇ ನಿಮ್ಮಲ್ಲಿರುವ ಕೇಬಲ್‌ಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡು ಒಂದೊಂದನ್ನೂ ಅಲುಗಾಡಿಸಿ ನೋಡಿ, ಕೆಂಪು ಟೇಪ್ ಪಕ್ಕದಲ್ಲಿರಲಿ.